ಮೈಲುಗಲ್ಲು ಓದುವವರನ್ನು ಕೆಲಸವಿಲ್ಲದವರು ಎನ್ನಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ‘ದಿ ಅಮೇಜಿಂಗ್ ರೇಸ್’ ಎಂಬ ಅಮೆರಿಕದ ಟಿ.ವಿ. ಕಾರ್ಯಕ್ರಮದ ಅಭಿಮಾನಿಗಳ ಬಗ್ಗೆ ಬಂದ ಬರಹ ಓದಿದೆ. ಫೋಟೊದ ಮೂಲೆಯಲ್ಲಿ ಕಂಡ ಕಂಬ, ಕಿಟಕಿ, ಗುಡ್ಡದ ಅಂಚು ಹಿಡಿದುಕೊಂಡು ಚಿತ್ರೀಕರಣ ಯಾವ ಊರಲ್ಲಿ ನಡೆದಿದೆ ಎಂದು ಪತ್ತೆ ಹಚ್ಚುವ ಈ ಜನರನ್ನು ಲೇಖಕರು ಕೆಲಸವಿಲ್ಲದ ಬಡಗಿಯ ಸಾಲಿಗೆ ಸೇರಿಸಿದ್ದಾರೆ. ಗಾದೆಯ ಉತ್ತರಾರ್ಧವನ್ನು ಅವರು ಬರೆದಿಲ್ಲ, ನಾನೂ ಬರೆಯುವುದಿಲ್ಲ. ಆದರೆ ಆ ಮಾತಿಗೆ ನನ್ನ ತಕರಾರಿದೆ.

ನಾನು ವಾಯವ್ಯ ಸಾರಿಗೆಯಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಶಿರಸಿ–ಹುಬ್ಬಳ್ಳಿ, ಶಿರಸಿ–ಕುಮಟಾ, ಕೆಲವು ವರ್ಷ ಬೆಂಗಳೂರಿನ ರಾತ್ರಿ ಬಸ್ಸು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಗೆ ಹೋದ ಚಳಿಗಾಲದಲ್ಲಿ ಹೊರಗೆ ಕಾಲಿಡುವ ಹಾಗಿರಲಿಲ್ಲ, ಹಿಮವೋ ಹಿಮ. ಮೊಮ್ಮಗ ಈ ಕಾರ್ಯಕ್ರಮದ ಹಳೆಯ ಕಂತುಗಳನ್ನು ಒಂದೊಂದಾಗಿ ಹಾಕಿ ತೋರಿಸಿದ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾತು ತಿಳಿಯದಿದ್ದರೆ ಏನಾಯಿತು, ರಸ್ತೆ ತಿಳಿಯುತ್ತದಲ್ಲ.

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. 2001ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ವಾಹಿನಿಯಲ್ಲಿ ಶುರುವಾದ ಪ್ರವಾಸದ ಪಂದ್ಯ ಇದು. ಇಬ್ಬಿಬ್ಬರ ಜೋಡಿಗಳು ದೇಶದಿಂದ ದೇಶಕ್ಕೆ ಓಡಬೇಕು. ದಾರಿಯಲ್ಲಿ ಪೆಟ್ಟಿಗೆಗಳಲ್ಲಿ ಸುಳಿವಿನ ಲಕೋಟೆ ಸಿಗುತ್ತದೆ, ಕೊಟ್ಟ ಕೆಲಸ ಮುಗಿಸಬೇಕು, ಕೊನೆಗೆ ಬಂದವರು ಸಾಮಾನ್ಯವಾಗಿ ಮನೆಗೆ ಹೋಗುತ್ತಾರೆ. ಗೆದ್ದವರಿಗೆ ಹತ್ತು ಲಕ್ಷ ಡಾಲರ್. ನಿರೂಪಕ ಫಿಲ್ ಕಿಯೋಗನ್ ಎಂಬ ನ್ಯೂಜಿಲೆಂಡಿನವರು. ನಮ್ಮ ದೇಶಕ್ಕೂ ಹಲವು ಸಲ ಬಂದಿದ್ದಾರೆ: ಮೊದಲ ಸರಣಿಯಲ್ಲೇ ದೆಹಲಿ, ಆಗ್ರಾ, ಮುಂದೆ ಮುಂಬೈ, ಲಖನೌ, ಜೋಧಪುರ, ಚೆನ್ನೈ, ಕೋಲ್ಕತ್ತ, ವಾರಾಣಸಿ, ಕೊಚ್ಚಿ, ಹೈದರಾಬಾದ್, ಜೈಪುರ. ನಾನು ನೋಡಿದ ಕಂತುಗಳಲ್ಲಿ ಕರ್ನಾಟಕ ಬರಲಿಲ್ಲ. ಬಂದರೆ ಏನಾಗಬಹುದು ಎಂಬ ಬಗ್ಗೆ ನನ್ನದೊಂದು ಯೋಚನೆ ಇದೆ, ಆಮೇಲೆ ಹೇಳುತ್ತೇನೆ.

ಚಿತ್ರೀಕರಣ ಆಗುವುದು ಒಂದು ಕಾಲಕ್ಕೆ, ಪ್ರಸಾರ ಆಗುವುದು ಇನ್ನೊಂದು ಕಾಲಕ್ಕೆ. ನಡುವೆ ತಿಂಗಳುಗಟ್ಟಲೆ ಗುಟ್ಟು. ಹೈದರಾಬಾದಿಗೆ ಬಂದ ಸರಣಿಯನ್ನು ಚಿತ್ರೀಕರಿಸಿದ್ದು 2018ರ ಕೊನೆಯಲ್ಲಿ, ತೋರಿಸಿದ್ದು 2020ರ ಅಕ್ಟೋಬರ್‌ನಿಂದ. ಅದರ ಮುಂದಿನ ಸರಣಿಯ ಚಿತ್ರೀಕರಣ 2020ರ ಫೆಬ್ರುವರಿಯಲ್ಲಿ ಲಂಡನ್, ಗ್ಲಾಸ್ಗೊ ಮುಗಿಸುವಷ್ಟರಲ್ಲಿ ಕೊರೊನಾದಿಂದ ನಿಂತಿತು. ಮತ್ತೆ ಹೊರಟದ್ದು 2021ರ ಸೆಪ್ಟೆಂಬರ್‌ನಲ್ಲಿ, ಬಾಡಿಗೆ ವಿಮಾನದಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಎಲ್ಲರಂತೆ ಟಿಕೆಟ್ ಕೊಂಡು ಸಾಮಾನ್ಯ ವಿಮಾನದಲ್ಲಿ ಹೋಗುತ್ತಿದ್ದರು. ಬೆನ್ನಿಗೆ ಚೀಲ, ಹಿಂದೆ ಕ್ಯಾಮೆರಾದವರು. ನಿಲ್ದಾಣದಲ್ಲಿ ಕಂಡವರು ‘ಇಂಥಲ್ಲಿ ನೋಡಿದೆ’ ಎಂದು ಸುದ್ದಿ ಹಬ್ಬಿಸುತ್ತಿದ್ದರು. ವಿಮಾನವೇ ಬೇರೆಯಾದ ಆ ಕೆಲವು ಸರಣಿಗಳ ಮಟ್ಟಿಗೆ ಆ ದಾರಿ ಮುಚ್ಚಿತು. ಉಳಿದದ್ದು ಫೋಟೊ: ವಾಹಿನಿಯ ಪ್ರಚಾರದ ಚಿತ್ರ, ಸಿಬ್ಬಂದಿಯಲ್ಲಿ ಯಾರೋ ಹಾಕಿದ ಹೋಟೆಲಿನ ಕಿಟಕಿಯ ನೋಟ, ಜಾಹೀರಾತಿನಲ್ಲಿ ಕ್ಷಣ ಮಾತ್ರ ಮಿಂಚಿ ಹೋಗುವ ಬೀದಿ.

ಈಗ ಅಭಿಮಾನಿಗಳ ಕೆಲಸ ಶುರು. ವಾಹನ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ, ಫಲಕದ ಲಿಪಿ ಯಾವುದು, ವಿದ್ಯುತ್ ಕಂಬ ಸಿಮೆಂಟಿನದ್ದೋ ಮರದ್ದೋ, ಪಾದಚಾರಿ ದಾರಿಯ ಅಂಚಿಗೆ ಯಾವ ಬಣ್ಣ, ಛಾವಣಿಗೆ ಯಾವ ಹೆಂಚು, ನೆರಳು ಎಷ್ಟು ಉದ್ದ, ಯಾವ ದಿಕ್ಕಿಗೆ. ಟಿ.ವಿ. ಡಿಶ್‌ನ ಓರೆಯನ್ನೂ ಬಿಡುವುದಿಲ್ಲ. ನಮ್ಮಲ್ಲಿ ಡಿಶ್ ಆಕಾಶಕ್ಕೆ ಮುಖವೆತ್ತಿ ಕೂತಿರುತ್ತದೆ. ಮಗಳ ಮನೆಯ ಬೀದಿಯಲ್ಲಿ ದಕ್ಷಿಣದ ಕಡೆ ತಲೆ ತಗ್ಗಿಸಿರುತ್ತದೆ. ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲಿರುವುದರಿಂದ ಉತ್ತರಕ್ಕೆ ಹೋದಷ್ಟೂ ಡಿಶ್ ಬಗ್ಗಬೇಕಂತೆ. ಇದನ್ನು ಹೇಳಿಕೊಟ್ಟವನು ಮೊಮ್ಮಗ. ಶಾಲೆಯಲ್ಲಿ ಅಕ್ಷಾಂಶ ರೇಖಾಂಶ ಎಂದರೆ ಅವನಿಗೆ ನಿದ್ದೆ ಬರುತ್ತಿತ್ತಂತೆ. ಈಗ ಅವನು ಒಂದು ನೆರಳು ನೋಡಿ ‘ಅಜ್ಜ, ಇದು ಮಧ್ಯಾಹ್ನವಾದರೆ ಊರು ಉಷ್ಣವಲಯದ ಒಳಗಿರಬೇಕು’ ಎನ್ನುತ್ತಾನೆ. ಬೆಂಗಳೂರಿನಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನ್ಯೂಜೆರ್ಸಿಯಲ್ಲಿ ಎಂದೂ ಹಾಗಾಗದು. ಇದನ್ನು ಕೆಲಸವಿಲ್ಲದವರ ಕೆಲಸ ಎನ್ನುವುದಾದರೆ ಹೈಸ್ಕೂಲಿನ ಭೂಗೋಳದ ಮಾಸ್ತರರೂ ಕೆಲಸವಿಲ್ಲದವರೇ.

ನಮಗೆ ಡ್ರೈವರುಗಳಿಗೆ ಇದೆಲ್ಲ ಹೊಸದಲ್ಲ. ಬೆಳಿಗ್ಗೆ ಹುಬ್ಬಳ್ಳಿಯಿಂದ ಶಿರಸಿಗೆ ಹೊರಡುವ ಬಸ್ಸಿನಲ್ಲಿ ಪಳಗಿದ ಪ್ರಯಾಣಿಕರು ಬಲಬದಿಯ ಸೀಟು ಹಿಡಿಯುತ್ತಾರೆ. ಹೊಸಬರು ಎಡಕ್ಕೆ ಕೂತು ತಡಸದವರೆಗೆ ಬಿಸಿಲಲ್ಲಿ ಬೇಯುತ್ತಾರೆ. ಮಂಜು ಮುಸುಕಿದ ಬೆಳಗಿನ ಜಾವ ಬೋರ್ಡೇ ಕಾಣದಿದ್ದಾಗ ಯಾವ ತಿರುವಿನಲ್ಲಿದ್ದೇವೆ ಎಂದು ಮೈಲುಗಲ್ಲಿನ ತಲೆ ನೋಡಿ ತಿಳಿಯುತ್ತಿದ್ದೆವು. ಹಳದಿ ತಲೆಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಪ್ಪಾದರೆ ಜಿಲ್ಲಾ ರಸ್ತೆ, ಕೇಸರಿಯಾದರೆ ಹಳ್ಳಿ ರಸ್ತೆ. ಬಸ್ಸಿನ ನಂಬರ್ ಪ್ಲೇಟ್ ನಂಬಿ ಊರು ಹೇಳಲು ಹೊರಟವರು ಮಾತ್ರ ಹುಷಾರಾಗಿರಬೇಕು. ಕೆಎ 31 ಎಂದರೆ ಶಿರಸಿ, ಸರಿ. ಅದರ ಮುಂದೆ ಎಫ್ ಇದ್ದರೆ ನಮ್ಮ ಸಾರಿಗೆ ಬಸ್ಸು, ಅದೂ ಸರಿ. ಆದರೆ ಆ ಬಸ್ಸು ಪುಣೆಯಲ್ಲೂ ನಿಂತಿರಬಹುದು. ಕಲ್ಲು ಎಲ್ಲಿಗೂ ಹೋಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಸುಳಿವು ಯಾವುದು ಗೊತ್ತೇ? ಹಳ್ಳಿಯ ಬಸ್ ತಂಗುದಾಣ. ಯಾವ ಶಾಸಕರ ಅನುದಾನ, ಯಾವ ಸಾಲು, ಎಷ್ಟು ಲಕ್ಷ, ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಊರ ಹೆಸರು ಅಳಿಸಿಹೋದರೂ ಶಾಸಕರ ಹೆಸರು ಅಳಿಸುವುದಿಲ್ಲ. ಕ್ಷೇತ್ರ ಸಿಕ್ಕಿತು, ತಾಲ್ಲೂಕು ಸಿಕ್ಕಿತು, ಮುಂದಿನದು ಮಕ್ಕಳಾಟ. ಎರಡನೆಯದು ಸರ್ಕಾರಿ ಶಾಲೆಯ ಗೋಡೆ. ‘ತಾ’ ಎಂದು ಬರೆದು ಎರಡು ಗೀಟು ಹಾಕಿದ ಜಾಗದ ಮುಂದೆ ಎರಡು ಅಕ್ಷರ ಕಂಡರೂ ಸಾಕು. ಹೊರದೇಶದ ಅಭಿಮಾನಿಗಳಿಗೆ ಇದು ಓದಲು ಬಾರದು. ಕನ್ನಡಕ್ಕೂ ತೆಲುಗಿಗೂ ಅವರಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಎರಡೂ ದುಂಡು ಎನ್ನುತ್ತಾರೆ. ತಲೆಕಟ್ಟು ನೋಡಿ ಎಂದು ಮೊಮ್ಮಗನಿಗೆ ಹೇಳಿಕೊಟ್ಟೆ: ತೆಲುಗಿನವರದ್ದು ಸರಿ ಗುರುತು ಹಾಕಿದ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ, ನಮ್ಮದು ಬಲಕ್ಕೆ ಬಾಗಿ ಮಲಗಿರುತ್ತದೆ. ಅವನು ಅದನ್ನು ತನ್ನ ಗೆಳೆಯರಿಗೆ ದಾಟಿಸಿದ. ಹೀಗೆ ನ್ಯೂಜೆರ್ಸಿಯ ಕೆಲವು ಹುಡುಗರಿಗೆ ಕನ್ನಡದ ತಲೆಕಟ್ಟು ಗೊತ್ತಿದೆ. ರಾಜ್ಯೋತ್ಸವದ ಭಾಷಣಗಳಿಂದ ಇಷ್ಟಾದದ್ದನ್ನು ನಾನು ಕಂಡಿಲ್ಲ.

ಫೋಟೊದಲ್ಲಿ ಊರಷ್ಟೇ ಅಲ್ಲ, ಕಾಲವೂ ಇರುತ್ತದೆ. ಹೈದರಾಬಾದಿನ ಆಟೋ ಮೇಲೆ ಟಿ.ಎಸ್. ಇದ್ದರೆ ಅದು ತೆಲಂಗಾಣವಾದ 2014ರ ನಂತರದ ನೋಂದಣಿ, ಟಿ.ಜಿ. ಇದ್ದರೆ 2024ರ ಮಾರ್ಚ್‌ನಿಂದ ಈಚೆಯದು. ನಮ್ಮ ಕರಾವಳಿಯ ಹೆದ್ದಾರಿಯ ಕಲ್ಲಿನಲ್ಲಿ 17 ಎಂದಿದ್ದರೆ ಹಳೆಯದು, ಈಗ ಅದು 66. ಕಲಬುರಗಿ ಕಡೆಯ ಬಸ್ಸಿನ ಮೇಲೆ ‘ಈಶಾನ್ಯ’ ಎಂದು ಕಂಡರೆ 2021ಕ್ಕೆ ಹಿಂದಿನದು, ಆಮೇಲೆ ಅದು ‘ಕಲ್ಯಾಣ ಕರ್ನಾಟಕ’ ಆಯಿತು. ಬಣ್ಣ ಬಳಿಯಲು ತಡ ಮಾಡಿದ ಡಿಪೊಗಳನ್ನು ಲೆಕ್ಕಕ್ಕೆ ಹಿಡಿಯದಿರಿ.

ಮಗಳ ಪರಿಚಯದವರ ಮನೆಯಲ್ಲಿ ಗೋಡೆಯ ಮೇಲೆ ದೊಡ್ಡದೊಂದು ಫೋಟೊ. ಚಿನ್ನದ ಬಣ್ಣದ ಬೌದ್ಧ ಮಂದಿರ, ಗಾಳಿಗೆ ಹಾರುವ ಐದು ಬಣ್ಣದ ಪತಾಕೆಗಳು, ಕೆಂಪು ಬಟ್ಟೆಯ ಹುಡುಗ ಭಿಕ್ಷುಗಳು. ಯಾವುದೋ ಪ್ರವಾಸ ಕಾರ್ಯಕ್ರಮದ ಚಿತ್ರವಂತೆ, ‘ಹಿಮಾಲಯ’ ಎಂದು ಅವರ ನಂಬಿಕೆ. ನೋಡಿದೆ. ಮಣ್ಣು ಕೆಂಪು. ಹಿಂದೆ ಗೋವಿನಜೋಳದ ಹೊಲ, ಅದರಾಚೆ ಸಾಗವಾನಿ. ಹಿಮಾಲಯದಲ್ಲಿ ಎಲ್ಲಿಯ ಸಾಗವಾನಿ ಮಾರಾಯರೇ! ಅದು ನಮ್ಮ ಮುಂಡಗೋಡು. 1966ರಲ್ಲಿ ಟಿಬೆಟಿನವರಿಗೆ ಕೊಟ್ಟ ನೆಲೆ. ದ್ರೆಪುಂಗ್, ಗಾಂದೆನ್ ಎಂಬ ದೊಡ್ಡ ಮಠಗಳು ಅಲ್ಲಿವೆ. ಆ ಕೆಂಪು ಬಟ್ಟೆಯವರು ಎಷ್ಟು ಸಲ ನನ್ನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದಿದ್ದಾರೋ! ಕನ್ನಡದಲ್ಲೇ ಟಿಕೆಟ್ ಕೇಳುತ್ತಿದ್ದರು. ಮನೆಯವರು ಮೊದಲು ನಂಬಲಿಲ್ಲ. ಮೊಮ್ಮಗ ಉಪಗ್ರಹದ ನಕ್ಷೆ ತೆಗೆದು ಮಂದಿರದ ಮಾಡು, ಎದುರಿನ ಅಂಗಳ, ಹೊಲದ ಬದು ಒಂದೊಂದಾಗಿ ಜೋಡಿಸಿ ತೋರಿಸಿದ ಮೇಲೆ ಒಪ್ಪಿದರು. ಅವರಿಗೆ ಸ್ವಲ್ಪ ಬೇಸರವೇ ಆಯಿತೆಂದು ಕಾಣುತ್ತದೆ. ನನಗಂತೂ ಹಿಮಾಲಯ ತಪ್ಪಿದ್ದಕ್ಕೆ ಬೇಸರವೇನೂ ಆಗಲಿಲ್ಲ.

ನನ್ನ ಮುಖ್ಯ ಮಾತು ಇಲ್ಲಿದೆ. ಇಂಥ ಕಾರ್ಯಕ್ರಮಗಳ ಕ್ಯಾಮೆರಾ ತನಗೆ ಬೇಕಾದದ್ದನ್ನು ಮಾತ್ರ ನೋಡುತ್ತದೆ. ಭಾರತ ಎಂದರೆ ಹಸು, ಬಣ್ಣದ ಪುಡಿ, ಸಾಧು, ಗದ್ದಲದ ಪೇಟೆ. ಮೊದಲ ಸರಣಿಯಲ್ಲೇ ಬಿಕಾನೇರ್ ಕಡೆಯ ಇಲಿಗಳ ಗುಡಿಗೆ ಸ್ಪರ್ಧಿಗಳನ್ನು ಕರೆದೊಯ್ದಿದ್ದರು ಎಂದರೆ ತಿಳಿಯುತ್ತದಲ್ಲ. ಅಭಿಮಾನಿಯ ಕಣ್ಣು ಹಾಗಲ್ಲ. ಅವನಿಗೆ ಟ್ರಾನ್ಸ್‌ಫಾರ್ಮರ್ ಬೇಕು, ಔಷಧದಂಗಡಿಯ ಬೋರ್ಡು ಬೇಕು, ನೀರಿನ ಟ್ಯಾಂಕಿನ ಆಕಾರ ಬೇಕು, ಹಿಂದೆ ನಿಂತ ಹುಡುಗಿಯ ಶಾಲೆಯ ಸಮವಸ್ತ್ರದ ಬಣ್ಣ ಬೇಕು. ಕಾರ್ಯಕ್ರಮದವರು ಬರೀ ಹಿನ್ನೆಲೆ ಎಂದುಕೊಂಡದ್ದು ಒಂದು ಊರು, ಅದಕ್ಕೊಂದು ಹೆಸರಿದೆ, ಅಲ್ಲೊಂದು ಔಷಧದಂಗಡಿ ಇದೆ ಎಂದು ತಿಳಿಯುವವನು ಅವನೊಬ್ಬನೇ.

ಮುಂಚೆಯೇ ಊರು ಗೊತ್ತಾದರೆ ನೋಡುವ ಖುಷಿ ಹೋಗುತ್ತದೆ ಎಂಬುದು ನಿಮ್ಮ ಲೇಖಕರ ಇನ್ನೊಂದು ವಾದ. ಅವರು ಒಂದು ರಾತ್ರಿ ನಮ್ಮ ಕಡೆ ಯಕ್ಷಗಾನದ ಆಟಕ್ಕೆ ಬರಲಿ. ಕೌರವನ ತೊಡೆ ಮುರಿಯುತ್ತದೆ ಎಂದು ಗೊತ್ತಿಲ್ಲದೆ ಗದಾಯುದ್ಧ ನೋಡಲು ಬಂದವರು ಯಾರಿದ್ದಾರೆ? ಬೆಳಗಿನ ಜಾವದವರೆಗೆ ಕೂರುವುದು ಇವತ್ತಿನ ಕೌರವ ಹೇಗೆ ಬೀಳುತ್ತಾನೆ ಎಂದು ನೋಡಲಿಕ್ಕೆ.

ಈಗ ಕರ್ನಾಟಕದ ಯೋಚನೆ. ಈ ಪಂದ್ಯದಲ್ಲಿ ದಾರಿ ತೋರಿಸುವ ಬಾವುಟಗಳ ಬಣ್ಣ ಯಾವುದು ಅಂದುಕೊಂಡಿರಿ? ಕೆಂಪು ಮತ್ತು ಹಳದಿ! ಮೊದಲ ಸರಣಿಯಲ್ಲಿ ಹಳದಿ–ಬಿಳಿ ಇತ್ತು, ಆಮೇಲೆ ಕೆಂಪು–ಹಳದಿ ಆಯಿತು. ವಿಯೆಟ್ನಾಂಗೆ ಹೋದಾಗ ಮಾತ್ರ ಅದನ್ನು ಬಿಟ್ಟು ಮತ್ತೆ ಹಳದಿ–ಬಿಳಿ ಬಳಸಿದರು, ಹಳೆಯ ದಕ್ಷಿಣ ವಿಯೆಟ್ನಾಂನ ಧ್ವಜ ಹಳದಿ–ಕೆಂಪಾಗಿತ್ತು ಎಂಬ ಕಾರಣಕ್ಕೆ. ಇನ್ನು ಇವರು ನವೆಂಬರ್ ತಿಂಗಳಲ್ಲಿ ಹುಬ್ಬಳ್ಳಿಗೋ ಬೆಂಗಳೂರಿಗೋ ಬಂದರು ಎನ್ನಿ. ‘ಕೆಂಪು–ಹಳದಿ ಬಾವುಟ ಹುಡುಕಿ’ ಎಂದು ಲಕೋಟೆಯಲ್ಲಿ ಬರೆದಿರುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ಬಾವುಟ, ವೃತ್ತದಲ್ಲಿ ಬಾವುಟ, ಬಸ್ಸಿನ ಮುಂದೆ ಬಾವುಟ, ಹಾಲಿನ ಗಾಡಿಯ ಮೇಲೆ ಬಾವುಟ. ಪಾಪ, ಆ ಜೋಡಿಗಳು ಪ್ರತಿ ಆಟೋ ಸ್ಟ್ಯಾಂಡಿನಲ್ಲೂ ಸುಳಿವಿನ ಲಕೋಟೆ ಕೇಳುತ್ತಾ ನಿಂತಾರು, ನಮ್ಮವರು ರಾಜ್ಯೋತ್ಸವದ ಚಂದಾ ರಸೀದಿ ಹರಿದು ಕೊಟ್ಟಾರು. ಆ ಕಂತಿನ ಫೋಟೊ ಹೊರಬಿದ್ದರೆ ಅಭಿಮಾನಿಗಳಿಗೂ ಕಷ್ಟವೇ: ಯಾವುದು ಪಂದ್ಯದ ಬಾವುಟ, ಯಾವುದು ನಾಡಬಾವುಟ? ನಮ್ಮದರಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ ಎಂದು ನೆನಪಿಟ್ಟುಕೊಳ್ಳಿ ಎಂದು ಮೊಮ್ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ.

ಇನ್ನೊಂದು ಸಂಗತಿಯನ್ನು ಲೇಖಕರು ‘ಎಲ್ಲ ಗೂಗಲ್ ಮಾಡಿಕೊಡುತ್ತದೆ’ ಎಂಬ ಒಂದು ಸಾಲಿನಲ್ಲಿ ಹಾರಿಸಿದ್ದಾರೆ. ಭಾರತದ ಮಟ್ಟಿಗೆ ಅದು ಸುಳ್ಳು. ಬೀದಿಬೀದಿಯ ಚಿತ್ರ ತೆಗೆಯುವ ಗೂಗಲ್ ಕಾರು 2011ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಓಡಾಟ ಶುರು ಮಾಡಿತ್ತು. ಜೂನ್‌ನಲ್ಲಿ ಪೊಲೀಸರು ಭದ್ರತೆಯ ಕಾರಣಕ್ಕೆ ತಡೆದರು. ಮತ್ತೆ ಆ ಸೇವೆ ಇಲ್ಲಿ ಬಂದದ್ದು 2022ರ ಜುಲೈನಲ್ಲಿ, ಹತ್ತು ನಗರಗಳಿಗೆ, ಭಾರತದ ಕಂಪನಿಗಳು ತೆಗೆದ ಚಿತ್ರಗಳೊಂದಿಗೆ. ನಡುವಿನ ಅಷ್ಟೂ ವರ್ಷ ಬೇರೆ ದೇಶಗಳ ಬೀದಿಯಲ್ಲಿ ಕೂತಲ್ಲಿಂದಲೇ ಅಡ್ಡಾಡುತ್ತಿದ್ದ ಅಭಿಮಾನಿಗಳಿಗೆ ನಮ್ಮ ರಸ್ತೆಗಳು ಹೆಚ್ಚುಕಡಿಮೆ ಕತ್ತಲೆ. ಇಲ್ಲಿ ಓಡಾಡಿದವರ ನೆನಪೇ ಅವರಿಗೆ ನಕ್ಷೆ ಆಗಬೇಕಿತ್ತು.

ಈ ಆಟಕ್ಕೂ ಒಂದು ಬೇಲಿ ಬೇಕು, ಒಪ್ಪುತ್ತೇನೆ. ಪಂದ್ಯ ನಡೆಯುತ್ತಿರುವ ಜಾಗಕ್ಕೆ ಗುಂಪು ಕಟ್ಟಿಕೊಂಡು ಹೋಗಬಾರದು. ಒಬ್ಬರ ಮನೆಯ ಕಿಟಕಿ ನೋಡಿ ಮನೆ ಹುಡುಕುವುದು ಆಟವೇ ಅಲ್ಲ. ಕಾಡಿನ ವಿಷಯದಲ್ಲೂ ಅಷ್ಟೆ. 2020ರ ಜನವರಿಯಲ್ಲಿ ಬೇರ್ ಗ್ರಿಲ್ಸ್ ಎಂಬ ಸಾಹಸಿಯ ಟಿ.ವಿ. ಕಾರ್ಯಕ್ರಮಕ್ಕೆ ರಜನಿಕಾಂತ್ ಬಂಡೀಪುರಕ್ಕೆ ಬಂದಾಗ ಜಾಗ ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ, ಚಿತ್ರೀಕರಣದ ಹೊತ್ತಿಗೇ ಸುದ್ದಿ ಎಲ್ಲ ಕಡೆ ಬಂದಿತ್ತು. ಬಂಡೀಪುರ ಎಂದು ಹೇಳಿದರೆ ಸಾಕು. ಯಾವ ಕೆರೆ, ಯಾವ ಹಳ್ಳ ಎಂಬುದು ಅರಣ್ಯ ಇಲಾಖೆಯವರಿಗೆ ಗೊತ್ತಿದ್ದರೆ ಆಯಿತು.

ಇದರಿಂದ ಲೋಕಕ್ಕೇನು ಲಾಭ ಎಂದು ಲೇಖಕರು ಕೊನೆಯಲ್ಲಿ ಕೇಳಿದ್ದಾರೆ. ಮಳೆಗಾಲದಲ್ಲಿ ಒಂದು ವಾರ ಶಿರಸಿಯಲ್ಲಿ ಇದ್ದು ನೋಡಲಿ. ‘ದೇವಿಮನೆ ಘಟ್ಟ ಕುಸಿಯಿತು’, ‘ಆಗುಂಬೆಯಲ್ಲಿ ಬಸ್ಸು ಪ್ರಪಾತಕ್ಕೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊಗಳು ಬರುತ್ತವೆ. ಹಿಂದೊಮ್ಮೆ ಹೀಗೆ ಬಂದ ವಿಡಿಯೊ ನೋಡಿ ನೆರೆಮನೆಯಾಕೆ ಅಳುತ್ತಾ ಬಂದರು, ಮಗ ಅದೇ ದಾರಿಯಲ್ಲಿ ಕುಮಟಾಕ್ಕೆ ಹೊರಟಿದ್ದ, ಫೋನ್ ತಾಗುತ್ತಿರಲಿಲ್ಲ. ವಿಡಿಯೊ ತಡೆದು ತಡೆದು ನೋಡಿದೆ. ಗುಡ್ಡ ಜಾರುತ್ತಿದೆ, ನಿಜ. ಆದರೆ ಲಾರಿಗಳೆಲ್ಲ ರಸ್ತೆಯ ಬಲಬದಿಯಲ್ಲಿವೆ. ತಡೆಗೋಡೆ ನಮ್ಮ ಕಡೆಯ ಕಪ್ಪು–ಬಿಳಿ ಕಲ್ಲುಗಳಲ್ಲ, ಉದ್ದಕ್ಕೂ ತಗಡಿನ ಪಟ್ಟಿ. ದೇವಿಮನೆಯಲ್ಲಿ ಅಷ್ಟು ಬೋಳು ಗುಡ್ಡ ಎಲ್ಲಿದೆ? ‘ಅಮ್ಮ, ಇದು ನಮ್ಮ ದೇಶವೇ ಅಲ್ಲ’ ಎಂದೆ. ಸಂಜೆ ಮಗ ಕುಮಟಾದಿಂದ ಫೋನ್ ಮಾಡಿದ. ನ್ಯೂಜೆರ್ಸಿಯ ಹುಡುಗ ಟಿ.ವಿ. ಪಂದ್ಯಕ್ಕೆ ಮಾಡುವುದನ್ನೇ ನಾನು ಆ ದಿನ ಮಾಡಿದ್ದು, ಬೇರೇನಲ್ಲ.

ಕಡೆಯದಾಗಿ ನಿಮ್ಮ ಪತ್ರಿಕೆಗೇ ಒಂದು ಬೇಡಿಕೆ. ದಯವಿಟ್ಟು ಚಿತ್ರಗಳ ಕೆಳಗೆ ‘ಮಲೆನಾಡಿನ ಒಂದು ರಮಣೀಯ ನೋಟ’ ಎಂದು ಬರೆಯುವುದನ್ನು ಬಿಡಿ. ಊರು, ತಾಲ್ಲೂಕು, ತಿಂಗಳು ಹಾಕಿ. ಕಳೆದ ಮಳೆಗಾಲದ ಪುರವಣಿಯಲ್ಲಿ ಮಾಗೋಡು ಎಂದು ಅಚ್ಚು ಹಾಕಿದ್ದು ಉಂಚಳ್ಳಿಯ ಜಲಪಾತ. ಬೇಡ್ತಿ ನದಿ ಮಾಗೋಡಿನಲ್ಲಿ ಹಂತ ಹಂತವಾಗಿ ಮುರಿದು ಬೀಳುತ್ತದೆ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಒಂದೇ ಜಿಗಿತಕ್ಕೆ ಬೀಳುತ್ತದೆ. ಒಂದು ಯಲ್ಲಾಪುರ ತಾಲ್ಲೂಕು, ಇನ್ನೊಂದು ಸಿದ್ದಾಪುರ. ನಮ್ಮ ಜಿಲ್ಲೆಯ ಯಾವ ಕಂಡಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದರು. ನಿಮ್ಮಲ್ಲಿ ಹೇಳುವವರು ಇಲ್ಲದಿದ್ದರೆ ವಾರಕ್ಕೊಂದು ಚಿತ್ರವನ್ನು ಅಡಿಬರಹವಿಲ್ಲದೆ ಅಚ್ಚು ಹಾಕಿ, ಜಾಗ ಯಾವುದೆಂದು ಓದುಗರನ್ನೇ ಕೇಳಿ. ಕಾರಣ ಬರೆದವರ ಉತ್ತರ ಮಾತ್ರ ಪ್ರಕಟಿಸಿ; ಸುಮ್ಮನೆ ಊಹೆ ಮಾಡಿದವರದ್ದು ಬೇಡ.

ಮೊದಲ ವಾರಕ್ಕೆ ಬೇಕಾದರೆ ಇರಲಿ ಎಂದು ನನ್ನದೇ ಒಂದು ಹಳೆಯ ಫೋಟೊವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹಳದಿ ತಲೆಯ ಕಲ್ಲು, ಅದರ ಮೇಲೆ 63 ಎಂಬ ಅಂಕೆ, ಈಗ ಆ ರಸ್ತೆಗೆ 52. ಅದಿರಿನ ಲಾರಿಗಳ ಸಾಲು ಮೂಗು ತಗ್ಗಿಸಿ ಇಳಿಯುತ್ತಿದೆ, ಎದುರಿಗೆ ಖಾಲಿ ಲಾರಿಗಳು ಏದುಸಿರು ಬಿಡುತ್ತಾ ಹತ್ತುತ್ತಿವೆ. ಎರಡೂ ಕಡೆ ಎಲೆ ಉದುರದ ದಟ್ಟ ಕಾಡು, ಸಾಗವಾನಿ ಒಂದೂ ಇಲ್ಲ. ಇಳಿಯುವ ಲಾರಿಗಳ ಮುಖಕ್ಕೆ ನೇರವಾಗಿ ಬಿಸಿಲು, ಆದ್ದರಿಂದ ಹೊತ್ತು ಯಾವುದೆಂದು ನೀವೇ ಲೆಕ್ಕ ಹಾಕಬಹುದು. ಘಟ್ಟದ ಹೆಸರು ನಾನು ಬರೆಯುವುದಿಲ್ಲ. ನಿಮ್ಮ ಲೇಖಕರೇ ಮೊದಲು ಹೇಳಲಿ, ಅಂಕೋಲೆಯ ಕಡೆಯ ಓದುಗರು ಅಲ್ಲಿಯವರೆಗೆ ಬಾಯಿ ಬಿಡಬಾರದು.

ಇಂತು ನಿಮ್ಮ ಓದುಗ,
ಒಬ್ಬ ನಿವೃತ್ತ ಬಸ್ ಚಾಲಕ, ಶಿರಸಿ